ಬೆಂಗಳೂರಲ್ಲಿ ಲೈವ್ ಮ್ಯೂಸಿಕ್: ಎಲ್ಲಿಗೆ ಹೋಗೋದು, ಹೆಂಗೆ ಕೇಳೋದು, ವಾಪಸ್ ಮನೆಗೆ ಹೆಂಗೆ ಬರೋದು

ಯಾರೋ ವಿದೇಶಿ ಸ್ಟಾರ್ ಬರ್ತಾರೆ ಅಂತ ಅನೌನ್ಸ್ ಆದ್ರೆ ಸಾಕು, ಊರಿಗೆ ಊರೇ ಫೋನ್ ಹಿಡ್ಕೊಂಡು ಟಿಕೆಟ್ ಕ್ಯೂನಲ್ಲಿ ಕೂತಿರತ್ತೆ, ಸಿಗ್ಲಿಲ್ಲ ಅಂದ್ರೆ ಎರಡು ದಿನ ಬೇಜಾರು, ಆಮೇಲೆ ಮುಂದಿನ ಸ್ಟಾರ್ ಬರೋ ತನಕ ಇಯರ್‌ಫೋನೇ ಗತಿ. ಅದೇ ವಾರ ದೊಮ್ಮಲೂರಲ್ಲಿ ಒಂದು ಫ್ರೀ ಸಂಗೀತ ಕಛೇರಿ, ಕೋರಮಂಗಲದಲ್ಲಿ ಮೂರು ಬ್ಯಾಂಡು, ಮಲ್ಲೇಶ್ವರದ ಯಾವ್ದೋ ಸಭಾದಲ್ಲಿ ಎರಡೂವರೆ ಗಂಟೆ ಹಾಡುಗಾರಿಕೆ, ಎಲ್ಲಾ ನಡೀತಾನೇ ಇರತ್ತೆ, ಅರ್ಧ ಕುರ್ಚಿ ಖಾಲಿ. ನನ್ನ ಕೇಳಿದ್ರೆ ಈ ಊರಿನ ಸಂಗೀತ ಇರೋದೇ ಅಲ್ಲಿ. ಹಾಡೋರು ಹತ್ತಡಿ ದೂರದಲ್ಲಿ ಕೂತಿರ್ತಾರೆ, ಟಿಕೆಟ್ಟು ಒಂದು ಪಿಜ್ಜಾ ದುಡ್ಡಿಗೆ ಬರತ್ತೆ, ಎಷ್ಟೋ ಕಡೆ ಅದೂ ಬೇಡ. ಯಾವತ್ತೂ ಹೋಗಿಲ್ಲದೆ ಇರೋರಿಗೆ ಹೆಂಗೆ ಶುರು ಮಾಡೋದು ಅಂತ ಗೊತ್ತಾಗಲ್ಲ ಅಷ್ಟೇ, ಅದಕ್ಕೇ ಇದು.

1. ಮೊದ್ಲು ಯಾವ ಏರಿಯಾದಲ್ಲಿ ಏನು ಅಂತ ತಿಳ್ಕೊಳ್ಳಿ

ಬೆಂಗಳೂರಲ್ಲಿ ಮ್ಯೂಸಿಕ್ ಸೀನ್ ಅಂತ ಒಂದಿಲ್ಲ, ಮೂರ್ನಾಕು ಇದೆ, ಒಂದರಲ್ಲಿರೋರಿಗೆ ಇನ್ನೊಂದು ಇದೆ ಅನ್ನೋದೇ ಗೊತ್ತಿರಲ್ಲ.

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ, ಜಯನಗರ ಕಡೆ ಅಂದ್ರೆ ಕರ್ನಾಟಕ ಸಂಗೀತದ ಸಭಾಗಳು, ಅಂದ್ರೆ ಕಛೇರಿ ಏರ್ಪಡಿಸೋ ಸಂಸ್ಥೆಗಳು. ಕೆ.ಆರ್. ರೋಡಲ್ಲಿರೋ ಗಾಯನ ಸಮಾಜ ಶುರುವಾಗಿದ್ದು 1905ರಲ್ಲಿ, ಇವತ್ತಿಗೂ ಕಛೇರಿ ನಡಿಯತ್ತೆ. ವೈಯಾಲಿಕಾವಲ್ ಹತ್ರ ಚೌಡಯ್ಯ ಮೆಮೋರಿಯಲ್ ಹಾಲ್ ಇದೆ, 1980ರದ್ದು, ಇಡೀ ಕಟ್ಟಡ ಪಿಟೀಲಿನ ಆಕಾರದಲ್ಲಿದೆ, ತಂತಿ ಬಿಲ್ಲು ಎಲ್ಲಾ ಸಮೇತ. ಆ ಪಿಟೀಲಿಗೆ ತಂತಿ ಏಳು, ಯಾಕಂದ್ರೆ ಟಿ. ಚೌಡಯ್ಯನವರು ನುಡಿಸ್ತಿದ್ದಿದ್ದೇ ಏಳು ತಂತಿ ಪಿಟೀಲು. ಮೈಕ್ ಇಲ್ಲದ ಕಾಲ, ದೊಡ್ಡ ಸಭೇಲಿ ಹಿಂದಿನ ಸಾಲಿನೋರಿಗೆ ಪಿಟೀಲು ಕೇಳಿಸ್ತಾನೇ ಇರ್ಲಿಲ್ಲ, ಅದಕ್ಕೆ ಮಾಮೂಲಿ ನಾಲ್ಕು ತಂತಿ ಜೊತೆ ಇನ್ನೂ ಮೂರು ಸೇರಿಸ್ಕೊಂಡು ನಾದ ದಪ್ಪ ಮಾಡ್ಕೊಂಡ್ರು. ಈಗ ಮೈಕ್ ಇದ್ದೂ ಕೆಲವು ಹಾಲಲ್ಲಿ ಹಿಂದೆ ಸರಿಯಾಗಿ ಕೇಳಲ್ಲ, ಅದು ಬೇರೆ ವಿಷಯ.

ಜೆ.ಸಿ. ರೋಡು ಕಡೆ ಬಂದ್ರೆ ರವೀಂದ್ರ ಕಲಾಕ್ಷೇತ್ರ, ಅದರ ಹಿಂದೆ ಸಂಸ ಬಯಲು ರಂಗಮಂದಿರ, ಪಕ್ಕದಲ್ಲೇ ಕನ್ನಡ ಭವನದ ನಯನ. ಇಲ್ಲಿ ಸುಗಮ ಸಂಗೀತ, ರಂಗಗೀತೆ, ಜನಪದ, ತತ್ವಪದ. ಬಹಳಷ್ಟು ಕಾರ್ಯಕ್ರಮ ಫ್ರೀ, ಒಂದೇ ಕಷ್ಟ ಏನಂದ್ರೆ ಹಾಡು ಶುರುವಾಗೋಕೆ ಮುಂಚೆ ಮುಖ್ಯ ಅತಿಥಿಗಳ ಭಾಷಣ, ಶಾಲು, ಹಾರ, ಫಲತಾಂಬೂಲ ಎಲ್ಲಾ ಮುಗೀಬೇಕು. ಇನ್ವಿಟೇಶನ್ನಲ್ಲಿ 5:30 ಅಂತ ಇದ್ದು ಐದು ಜನ ಅತಿಥಿಗಳ ಹೆಸರಿದ್ರೆ ನೀವು ಆರೂಮುಕ್ಕಾಲಿಗೆ ಹೋದ್ರೂ ಏನೂ ಮಿಸ್ಸಾಗಲ್ಲ.

ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಕಡೆ ಬ್ಯಾಂಡುಗಳ ಲೋಕ. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ಇದೆ, ಕ್ರಿಪ್ಟೋಸ್ ಅಂತ ಮೆಟಲ್ ಬ್ಯಾಂಡ್ ಇಲ್ಲಿಂದ ಹೊರಟು ಜರ್ಮನಿಯ ವಾಕೆನ್ ಫೆಸ್ಟಿವಲ್ ತನಕ ಹೋಗಿ ಬಂದಿದೆ, ಅಗಂ ರಾಗಗಳನ್ನ ರಾಕ್‌ಗೆ ಹಚ್ಚತ್ತೆ, ಸ್ವರಾತ್ಮ ಮತ್ತೆ ರಘು ದೀಕ್ಷಿತ್ ಕನ್ನಡದಲ್ಲೇ ಹಾಡಿ ಪಬ್ಬಲ್ಲಿರೋ ಉತ್ತರದೋರ್ನೂ ಕುಣಿಸಿದಾರೆ. ಜಾಗಗಳ ವಿಷಯದಲ್ಲಿ ಮಾತ್ರ ಯಾವ್ದೂ ಶಾಶ್ವತ ಅಂದ್ಕೋಬೇಡಿ. ಇಂದಿರಾನಗರದ ಹಮ್ಮಿಂಗ್ ಟ್ರೀನಲ್ಲಿ ಊರಿನ ಅರ್ಧ ಬ್ಯಾಂಡುಗಳು ನುಡಿಸಿವೆ, 2019ರಲ್ಲಿ ಅದೇ ಮುಚ್ಚೋಯ್ತು. ಈಗ ಕೋರಮಂಗಲದ ಫ್ಯಾಂಡಮ್, ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ತರದ ಜಾಗ ನೋಡಿ. ವಿಂಡ್‌ಮಿಲ್ಸ್‌ನಲ್ಲಿ ಜ್ಯಾಜ್ ಜಾಸ್ತಿ, ಅಲ್ಲಿ ಜನ ನಿಜವಾಗ್ಲೂ ಕೂತು ಕೇಳ್ತಾರೆ.

ಇವೆಲ್ಲದರ ಮಧ್ಯೆ ಇನ್ನೊಂದು ತರದ ಜಾಗ ಇದೆ, ಹೊಸಬರಿಗೆ ನಾನು ಮೊದ್ಲು ಹೇಳೋದೇ ಇದನ್ನ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಜೆ.ಪಿ. ನಗರ 7ನೇ ಫೇಸ್‌ನ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂ. ದೊಮ್ಮಲೂರಲ್ಲಿ ಬಹುತೇಕ ಕಾರ್ಯಕ್ರಮಕ್ಕೆ ದುಡ್ಡಿಲ್ಲ, ಆನ್‌ಲೈನಲ್ಲಿ ಹೆಸರು ಹಾಕ್ಬೇಕು ಅಷ್ಟೇ, ಸೌಂಡ್ ಚೆನ್ನಾಗಿರತ್ತೆ, ಟೈಮಿಗೆ ಶುರು, ಟೈಮಿಗೆ ಮುಗಿಯತ್ತೆ, ಹೆಂಗೆ ಕೂರ್ಬೇಕು ಯಾವಾಗ ಚಪ್ಪಾಳೆ ಹೊಡಿಬೇಕು ಅನ್ನೋ ಟೆನ್ಷನ್ನೂ ಇಲ್ಲ.

2. ಎಲ್ಲಿ ಏನಿದೆ ಅಂತ ಗೊತ್ತಾಗೋದು ಹೆಂಗೆ

ಬುಕ್‌ಮೈಶೋ, ಡಿಸ್ಟ್ರಿಕ್ಟ್ ಆ್ಯಪಲ್ಲಿ ಕಾಣೋದು ಹೆಚ್ಚಾಗಿ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳೋ ಶೋಗಳೇ. ಸ್ಟ್ಯಾಂಡಪ್ ಕಾಮಿಡಿ ಮಧ್ಯೆ ಮ್ಯೂಸಿಕ್ ಹುಡುಕೋದೇ ಒಂದು ಕೆಲಸ. ಬ್ಯಾಂಡುಗಳಿಗೆ ಇನ್‌ಸ್ಟಾಗ್ರಾಮೇ ಸರಿ, ಆದ್ರೆ ಜಾಗಗಳನ್ನ ಫಾಲೋ ಮಾಡೋ ಬದ್ಲು ಬ್ಯಾಂಡ್‌ಗಳನ್ನ ಫಾಲೋ ಮಾಡಿ, ಅದ್ರಲ್ಲೂ ಡ್ರಮ್ಮರ್ರು, ಬೇಸ್ ನುಡಿಸೋರನ್ನ. ಈ ಊರಲ್ಲಿ ಒಬ್ಬ ಒಳ್ಳೆ ಡ್ರಮ್ಮರ್ ಮೂರ್ನಾಕು ಬ್ಯಾಂಡಲ್ಲಿ ಇರ್ತಾನೆ, ಅವನೊಬ್ಬನ್ನ ಫಾಲೋ ಮಾಡಿದ್ರೆ ಮೂರ್ನಾಕು ಬ್ಯಾಂಡ್ ಸುದ್ದಿ ತಾನಾಗೇ ಬರತ್ತೆ.

ಸಭಾಗಳದ್ದು ಬೇರೆ ದಾರಿ. ಪೇಪರಲ್ಲಿ ‘ನಗರದಲ್ಲಿ ಇಂದು’ ಅಂತ ಸಣ್ಣ ಅಕ್ಷರದ ಕಾಲಂ ಬರತ್ತಲ್ಲ, ಯಾರೂ ಓದಲ್ಲ ಅಂದ್ಕೊಂಡಿರ್ತೀವಲ್ಲ, ಅದು. ಜೊತೆಗೆ ಒಂದು ಕಛೇರಿಗೆ ಹೋದಾಗ ಬಾಗಿಲಲ್ಲಿ ಟೇಬಲ್ ಹಾಕ್ಕೊಂಡು ಕೂತಿರೋ ಅಂಕಲ್ ಹತ್ರ ‘ಸಾರ್, ನಿಮ್ಮ ವಾಟ್ಸಾಪ್ ಲಿಸ್ಟಿಗೆ ನನ್ನ ನಂಬರ್ ಸೇರಿಸ್ಕೊಳ್ಳಿ’ ಅನ್ನಿ. ಖುಷಿಯಿಂದ ಸೇರಿಸ್ಕೊಳ್ತಾರೆ. ಆಮೇಲೆ ಜೀವನಪೂರ್ತಿ ಇನ್ವಿಟೇಶನ್ ಬರ್ತಾನೇ ಇರತ್ತೆ, ಹಬ್ಬದ ಶುಭಾಶಯದ ಜೊತೆ.

ಸೀಸನ್ ಗೊತ್ತಿದ್ರೆ ಇನ್ನೂ ಸುಲಭ. ಯುಗಾದಿ ಆದ್ಮೇಲೆ ರಾಮನವಮಿ ಸಂಗೀತೋತ್ಸವಗಳು, ಆಗಸ್ಟ್ ಸೆಪ್ಟೆಂಬರಲ್ಲಿ ಗಣೇಶ, ನವೆಂಬರ್ ಪೂರ್ತಿ ರಾಜ್ಯೋತ್ಸವ. ನವೆಂಬರಲ್ಲಿ ಯಾವ ಬಡಾವಣೆಗೆ ಹೋದ್ರೂ ಒಂದು ಸ್ಟೇಜು, ಒಂದು ರಸಮಂಜರಿ ತಂಡ. ಆರ್ಕೆಸ್ಟ್ರಾ ಅಂದ್ರೆ ಮೂಗು ಮುರಿಯೋರು ಇದಾರೆ, ನಂಗೆ ಅದು ಅರ್ಥ ಆಗಲ್ಲ. ರಿಹರ್ಸಲ್ ಇಲ್ದೆ ಜನ ಕೂಗಿದ ಹಾಡನ್ನ ಅಲ್ಲೇ ಶ್ರುತಿ ಬದಲಿಸ್ಕೊಂಡು ನುಡಿಸೋ ಕೀಬೋರ್ಡ್ ಪ್ಲೇಯರ್ ಕೈ ಒಂದ್ಸಲ ನೋಡಿ.

3. ಟಿಕೆಟ್ಟು

ಇದ್ರಲ್ಲಿ ಹೇಳೋಕೆ ಜಾಸ್ತಿ ಇಲ್ಲ. ಸಭಾಗಳಲ್ಲಿ ಫ್ರೀ, ಇಲ್ಲಾ ಕೆಲವು ನೂರು ರೂಪಾಯಿ, ಬಾಗಿಲಲ್ಲೇ ಸಿಗತ್ತೆ. ಪಬ್ ಗಿಗ್‌ಗೆ, ಅಂದ್ರೆ ಪಬ್ಬಲ್ಲಿ ಬ್ಯಾಂಡ್ ನುಡಿಸೋ ಶೋಗೆ, ಮೊದ್ಲೇ ತಗೊಂಡ್ರೆ ಕಮ್ಮಿ, ಬಾಗಿಲಲ್ಲಿ ಜಾಸ್ತಿ. ಟಿಕೆಟ್ ಮೇಲೆ ‘ಕವರ್’ ಅಂತ ಇದ್ರೆ ಅದು ಊಟದ ಬಿಲ್ಲಲ್ಲಿ ಕಳಿಯತ್ತಾ ಇಲ್ವಾ ಅಂತ ಫೋನ್ ಮಾಡಿ ಕೇಳ್ಕೊಳ್ಳಿ. ಟೇಬಲ್ ಬುಕ್ ಮಾಡ್ಬೇಕು ಅಂದ್ರೆ ಮಿನಿಮಮ್ ಬಿಲ್ ಎಷ್ಟು ಅಂತಾನೂ ಕೇಳಿ, ಸುಮಾರು ಕಡೆ ನಿಂತು ಕೇಳೋರಿಗೆ ಆ ರಗಳೆ ಇಲ್ಲ. ವಾಟ್ಸಾಪಲ್ಲಿ ‘ಎಕ್ಸ್‌ಟ್ರಾ ಟಿಕೆಟ್ ಇದೆ ಬ್ರೋ’ ಅಂತ ಸ್ಕ್ರೀನ್‌ಶಾಟ್ ಮಾರೋರಿಂದ ದೂರ ಇರಿ, ಒಂದೇ ಕ್ಯೂಆರ್ ಕೋಡನ್ನ ಹತ್ತು ಜನಕ್ಕೆ ಮಾರಿದ್ರೂ ಗೇಟಲ್ಲಿ ಸ್ಕ್ಯಾನ್ ಆಗೋದು ಮೊದ್ಲು ಬಂದೋರಿಗೆ ಮಾತ್ರ.

ಪಬ್ಬಿಗೆ ಐಡಿ ಮರೀಬೇಡಿ, ಸಾಮಾನ್ಯವಾಗಿ 21 ಆಗಿರ್ಬೇಕು ಅಂತಾರೆ, ನೀವು ನೀರು ಕುಡ್ಕೊಂಡು ಕೂರ್ತೀನಿ ಅಂದ್ರೂ ರಾತ್ರಿ ಶೋಗೆ ಚಿಕ್ಕೋರನ್ನ ಬಿಡಲ್ಲ.

4. ವಾಪಸ್ ಬರೋದು ಹೆಂಗೆ ಅಂತ ಮೊದ್ಲೇ ಡಿಸೈಡ್ ಮಾಡಿ

ಬೆಂಗಳೂರಲ್ಲಿ ಜನ ಕಾನ್ಸರ್ಟಿಗೆ ಹೋಗ್ದೆ ಇರೋಕೆ ಕಾರಣ ದುಡ್ಡೂ ಅಲ್ಲ ಆಸಕ್ತಿನೂ ಅಲ್ಲ, ಟ್ರಾಫಿಕ್ಕು. ರಾಜರಾಜೇಶ್ವರಿ ನಗರದಲ್ಲಿ ಮನೆ, ವೈಟ್‌ಫೀಲ್ಡಲ್ಲಿ ಶೋ ಅಂದ್ರೆ ಮನಸ್ಸು ಅಲ್ಲೇ ಕುಸಿಯತ್ತೆ. ಆದ್ರೆ 2023ರ ಅಕ್ಟೋಬರ್‌ನಿಂದ ಪರ್ಪಲ್ ಲೈನ್ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಒಂದೇ ಗಾಡಿ, ಗಂಟೆ ಮೇಲೆ ಹಿಡಿಯತ್ತೆ ನಿಜ, ಆದ್ರೂ ಎಷ್ಟೊತ್ತಿಗೆ ತಲುಪ್ತೀನಿ ಅಂತ ಗೊತ್ತಿರತ್ತಲ್ಲ, ಕಾರಲ್ಲಿ ಅದೂ ಗೊತ್ತಿರಲ್ಲ.

ನನ್ನ ಲೆಕ್ಕ ಏನಂದ್ರೆ ಮೆಟ್ರೋದಲ್ಲಿ ಹೋಗಿ, ಇಳಿದು ಕೊನೇ ಎರಡು ಕಿಲೋಮೀಟರ್ ಆಟೋ, ವಾಪಸ್ಸೂ ಹಂಗೇ. ಕೊನೇ ರೈಲು ರಾತ್ರಿ 11ರ ಆಸುಪಾಸು, ಆದ್ರೆ ಅದು ಎಲ್ಲಿಂದ ಹೊರಡೋ ಟೈಮು, ನಿಮ್ಮ ಸ್ಟೇಷನ್ನಿಗೆ ಯಾವಾಗ ಬರತ್ತೆ, ಮೆಜೆಸ್ಟಿಕ್ಕಲ್ಲಿ ಲೈನ್ ಬದಲಾಯಿಸೋದಿದ್ರೆ ಆ ಕಡೆ ಗಾಡಿ ಸಿಗತ್ತಾ ಅಂತ ಆ್ಯಪಲ್ಲಿ ನೋಡ್ಕೊಂಡೇ ಹೊರಡಿ. ಸಭಾ ಕಛೇರಿಗಳು ಒಂಬತ್ತೂವರೆಗೆಲ್ಲ ಮುಗಿಯೋದ್ರಿಂದ ತೊಂದರೆ ಇಲ್ಲ. ಪಬ್ ಗಿಗ್ಗಲ್ಲಿ ಮೇನ್ ಬ್ಯಾಂಡ್ ಬರೋದೇ ಒಂಬತ್ತೂವರೆಗೆ ಅಂದ್ರೆ ಕೊನೆ ಎರಡು ಹಾಡು ಬಿಟ್ಟು ಎದ್ದು ಬರ್ಬೇಕು, ಇಲ್ಲಾ ಕ್ಯಾಬ್ ದುಡ್ಡು ಎತ್ತಿಟ್ಕೋಬೇಕು. ಶೋ ಬಿಟ್ಟ ತಕ್ಷಣ ಎಲ್ಲರೂ ಒಟ್ಟಿಗೆ ಕ್ಯಾಬ್ ಹುಡುಕ್ತಾರೆ, ರೇಟ್ ಏರತ್ತೆ. ಅರ್ಧ ಕಿಲೋಮೀಟರ್ ನಡ್ಕೊಂಡು ಹೋಗಿ ಮೇನ್ ರೋಡಲ್ಲಿ ನಿಂತು ಬುಕ್ ಮಾಡಿ, ಗೇಟ್ ಮುಂದಿನ ಜಾಮಲ್ಲಿ ಸಿಕ್ಕಾಕೊಳ್ಳೋದಾದ್ರೂ ತಪ್ಪತ್ತೆ.

ಒಬ್ಬರೇ ಹೋಗೋ ಹೆಣ್ಮಕ್ಕಳು ಮೊದಲನೇ ಸಲಕ್ಕೆ ಸಭಾ ಅಥವಾ ದೊಮ್ಮಲೂರು ತರದ ಜಾಗ ಆರಿಸ್ಕೊಂಡ್ರೆ ಆರಾಮು, ಯಾರೂ ತಿರುಗಿ ಕೂಡ ನೋಡಲ್ಲ, ಪಕ್ಕದ ಆಂಟಿ ರಾಗ ಯಾವ್ದು ಅಂತ ಕೇಳ್ಬೋದು ಅಷ್ಟೇ.

5. ಸಭಾ ಕಛೇರಿ: ಒಳಗೆ ಹೋದ್ಮೇಲೆ

ಹೊಸಬರಿಗೆ ಜಾಸ್ತಿ ಭಯ ಇರೋದು ಇಲ್ಲಿ, ‘ನಂಗೆ ರಾಗ ಗೊತ್ತಾಗಲ್ಲ, ನಾನ್ ಹೋಗಿ ಏನ್ ಮಾಡ್ಲಿ’ ಅಂತ. ಪಕ್ಕದಲ್ಲಿ ತಲೆ ಆಡಿಸ್ತಾ ಕೂತಿರೋರಲ್ಲಿ ಅರ್ಧ ಜನಕ್ಕೂ ಗೊತ್ತಾಗಲ್ಲ, ಧೈರ್ಯವಾಗಿ ಹೋಗಿ.

ಚಾಮರಾಜಪೇಟೆ ಫೋರ್ಟ್ ಹೈಸ್ಕೂಲ್ ಮೈದಾನದ ರಾಮನವಮಿಯಿಂದ ಶುರು ಮಾಡೋದು ಬೆಸ್ಟ್. ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸ್ತಿರೋದು, ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿರೋ ವೇದಿಕೆ, ಸುಮಾರು ಒಂದು ತಿಂಗಳು ದಿನಾ ಸಂಜೆ ಕಛೇರಿ, ಚೆನ್ನೈ ಸಭಾಗಳಲ್ಲಿ ಯಾರ ಕಛೇರಿಗೆ ಟಿಕೆಟ್ಟೇ ಸಿಗಲ್ವೋ ಅಂಥ ದೊಡ್ಡ ವಿದ್ವಾಂಸರೆಲ್ಲ ಇಲ್ಲಿಗೆ ಬರ್ತಾರೆ. ಸೀಸನ್ ಪಾಸೂ ಇರತ್ತೆ, ದಿನದ ಟಿಕೆಟ್ಟೂ ಇರತ್ತೆ. ಕೆ.ಆರ್. ಮಾರ್ಕೆಟ್ ಮೆಟ್ರೋ ಸ್ಟೇಷನ್ನಿಂದ ನಡ್ಕೊಂಡೇ ಹೋಗ್ಬೋದು. ಪೆಂಡಾಲು, ಪ್ಲಾಸ್ಟಿಕ್ ಕುರ್ಚಿ, ಫ್ಯಾನು, ಏಪ್ರಿಲ್ ಸೆಖೆ, ಒಂದೊಂದಿನ ಸಡನ್ನಾಗಿ ಮಳೆ, ಹೊರಗಡೆಯಿಂದ ಬಸ್ ಹಾರ್ನು, ಅಷ್ಟೆಲ್ಲಾ ಇದ್ದೂ ಆಲಾಪನೆ (ತಾಳ ಇಲ್ದೆ ರಾಗ ಬಿಡಿಸಿ ಹಾಡೋದು) ನಡೀತಿರುವಾಗ ಒಬ್ಬರೂ ಕೆಮ್ಮಲ್ಲ. ಕಾಟನ್ ಬಟ್ಟೆ ಹಾಕ್ಕೊಳ್ಳಿ, ನೀರಿನ ಬಾಟ್ಲಿ ಇಟ್ಕೊಳ್ಳಿ, ಫ್ಯಾನ್ ಎಲ್ಲಿದೆ ನೋಡ್ಕೊಂಡು ಕೂತ್ಕೊಳ್ಳಿ, ಆದ್ರೆ ಸ್ಪೀಕರ್ ಎದುರಿಗೇ ಬೇಡ, ಮಧ್ಯದ ಸಾಲಲ್ಲಿ ಮಧ್ಯದ ಸೀಟು ಸಿಕ್ರೆ ಪಿಟೀಲು ಮೃದಂಗ ಎರಡೂ ಸಮವಾಗಿ ಕೇಳತ್ತೆ. ಬೇರೆ ಬೇರೆ ಬಡಾವಣೆಗಳಲ್ಲೂ ರಾಮೋತ್ಸವಗಳಿವೆ, ಅಲ್ಲಿ ಫ್ರೀ, ಮೇಲೆ ಪಾನಕ ಕೋಸಂಬರಿ ಬೇರೆ.

ಹೆಂಗೆ ಕೇಳೋದು? ಒಂದೇ ಒಂದು ಕೆಲಸ ಕಲ್ತುಕೊಂಡು ಹೋಗಿ, ಆದಿತಾಳ ಹಾಕೋದು. ತೊಡೆ ಮೇಲೆ ಒಂದು ಏಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ಮಧ್ಯದ ಬೆರಳು ಅಂತ ಮೂರು ಎಣಿಕೆ, ಆಮೇಲೆ ಏಟು, ಕೈ ತಿರುಗಿಸಿ ಹುಸಿ, ಮತ್ತೆ ಏಟು, ಮತ್ತೆ ಹುಸಿ. ಒಟ್ಟು ಎಂಟು. ಬಹಳಷ್ಟು ಕೃತಿಗಳು, ಅಂದ್ರೆ ಕಛೇರಿಯಲ್ಲಿ ಹಾಡೋ ಹಾಡುಗಳು, ಇದೇ ತಾಳ, ಪಕ್ಕದೋರ ಕೈ ನೋಡಿ ಮೊದಲ ಏಟು ಹಿಡಿದ್ರೆ ಮುಗೀತು. ತಪ್ಪಿ ಹೋದ್ರೆ ಸುಮ್ನೆ ನಿಲ್ಸಿ ಮತ್ತೆ ಹತ್ಕೊಳ್ಳಿ, ಚಲಿಸೋ ಬಸ್ಸು ಹತ್ತಿದಂಗೆ.

ಈ ಎಂಟು ಎಣಿಕೆ ಯಾಕಂದ್ರೆ ತನಿ ಆವರ್ತನಕ್ಕೆ, ಅಂದ್ರೆ ಹಾಡು ನಿಲ್ಸಿ ತಾಳವಾದ್ಯದೋರು ಮಾತ್ರ ನುಡಿಸೋ ಭಾಗಕ್ಕೆ. ಕಛೇರಿ ಮುಕ್ಕಾಲು ಭಾಗ ಆದ್ಮೇಲೆ ದೊಡ್ಡ ಕೃತಿ ಒಂದು ಬರತ್ತೆ, ಅದರ ಕೊನೇಲಿ ಹಾಡೋರು ನಿಲ್ಸಿ ಮೃದಂಗದೋರ ಕಡೆ ಕೈ ತೋರಿಸ್ತಾರೆ. ಸರಿಯಾಗಿ ಅದೇ ಟೈಮಿಗೆ ಕಾಲು ಭಾಗ ಜನ ಎದ್ದು ಕ್ಯಾಂಟೀನ್ ಕಡೆ ಹೊರಡ್ತಾರೆ. ದಯವಿಟ್ಟು ನೀವು ಏಳ್ಬೇಡಿ. ಮೃದಂಗ ಒಂದು ಸುತ್ತು, ಘಟ ಒಂದು ಸುತ್ತು, ಆಮೇಲೆ ಸುತ್ತುಗಳು ಚಿಕ್ಕದಾಗ್ತಾ ಬರತ್ತೆ, ಇವರು ನುಡಿಸಿದ್ದಕ್ಕೆ ಅವರು ಉತ್ತರ, ಎರಡು ಆವರ್ತ (ತಾಳದ ಪೂರ್ತಿ ಸುತ್ತು), ಒಂದು, ಅರ್ಧ, ಕಾಲು. ಘಟದೋರು ಕಣ್ಣು ಮುಚ್ಚಿ ನಗ್ತಿರ್ತಾರೆ, ಪಿಟೀಲಿನೋರು ಬಿಲ್ಲು ಮಡಿಲಲ್ಲಿಟ್ಟು ತಾಳ ಹಾಕ್ತಿರ್ತಾರೆ, ಹಾಡೋರ ತೊಡೆ ಮೇಲಿನ ಏಟು ಜೋರಾಗತ್ತೆ. ಕೊನೇಲಿ ಇಬ್ಬರೂ ಸೇರಿ ಒಂದು ಲೆಕ್ಕ ಮೂರು ಸಲ ನುಡಿಸ್ತಾರೆ, ಮೂರನೇದು ಮುಗಿಯೋ ಜಾಗಕ್ಕೇ ಹಾಡೋರು ಬಿಟ್ಟ ಸಾಲನ್ನ ಎತ್ಕೊಳ್ತಾರೆ. ನೀವು ಎಣಿಸ್ತಾ ಇದ್ರೆ ಅದು ಬಂದು ಕೂರೋದು ನಿಮ್ಮ ಕೈಗೇ ಗೊತ್ತಾಗತ್ತೆ. ಕಾಫಿ ಆಮೇಲೂ ಸಿಗತ್ತೆ.

ಬೇಗ ಹೋಗ್ಬೇಕು ಅನ್ನೋರು ಹಾಡಿನ ಮಧ್ಯೆ ಏಳೋ ಬದ್ಲು ಎರಡು ಕೃತಿ ನಡುವೆ ಶ್ರುತಿ ನೋಡ್ಕೊಳ್ತಾರಲ್ಲ, ಆಗ ಏಳಿ. ಆದ್ರೆ ಕೊನೇ ಅರ್ಧ ಗಂಟೆ ದೇವರನಾಮದ ಟೈಮು, ಪುರಂದರದಾಸರು ಕನಕದಾಸರು ಬರೋದೇ ಅಲ್ಲಿ, ಸಾಹಿತ್ಯ ಪೂರ್ತಿ ಅರ್ಥ ಆಗೋ ಭಾಗ ಬಿಟ್ಟು ಹೋದ್ರೆ ಏನು ಬಂತು.

6. ಪಬ್ ಮತ್ತೆ ಕ್ಲಬ್ಬು

ಇಲ್ಲಿ ಮೂರೇ ಮಾತು. ಒಂದು, ಓಪನಿಂಗ್ ಬ್ಯಾಂಡಿಗೆ ಬನ್ನಿ. ಮೇನ್ ಬ್ಯಾಂಡಿನ ಟಿಕೆಟಲ್ಲೇ ಇನ್ನೊಂದು ಬ್ಯಾಂಡ್ ಸಿಗ್ತಿದೆ, ಜನ ಒಂಬತ್ತಕ್ಕೆ ಬಂದು ಅದನ್ನ ವೇಸ್ಟ್ ಮಾಡ್ತಾರೆ. ಮುಂದಿನ ವರ್ಷ ಅದೇ ಹುಡುಗ್ರ ಟಿಕೆಟ್ ಸೋಲ್ಡ್ ಔಟ್ ಅಂತ ಬರ್ಬೋದು.

ಎರಡು, ಎಲ್ಲಿ ನಿಲ್ಲೋದು. ಸ್ಟೇಜ್ ಮುಂದೆ ಒತ್ಕೊಂಡು ನಿಂತ್ರೆ ಗಿಟಾರ್ ಆಂಪ್, ಡ್ರಮ್ಮು ಮಾತ್ರ ಕೇಳತ್ತೆ, ಹಾಡು ಕೇಳಲ್ಲ, ಯಾಕಂದ್ರೆ ಹಾಡೋರ ದನಿ ಬರೋ ಸ್ಪೀಕರ್ ನಿಮ್ಮ ಅಕ್ಕಪಕ್ಕದಿಂದ ದಾಟಿ ಹಿಂದಕ್ಕೆ ಹೋಗ್ತಿರತ್ತೆ. ಹಿಂದೆ ಒಂದು ಟೇಬಲ್ ಮೇಲೆ ಬಟನ್‌ಗಳ ಮಿಕ್ಸರ್ ಇಟ್ಕೊಂಡು ಸೌಂಡ್ ಇಂಜಿನಿಯರ್ ನಿಂತಿರ್ತಾರೆ, ಅವರ ಮುಂದೆ ಎರಡು ಹೆಜ್ಜೆ ಬಿಟ್ಟು ನಿಂತ್ಕೊಳ್ಳಿ. ಅವರು ತಮ್ಮ ಕಿವಿಗೆ ಸರಿ ಅನ್ಸೋ ತನಕ ಆ ಬಟನ್ ತಿರುಗಿಸ್ತಿರ್ತಾರೆ, ಅಂದ್ಮೇಲೆ ಇಡೀ ರೂಮಲ್ಲಿ ಚೆನ್ನಾಗಿ ಕೇಳೋ ಜಾಗ ಅದೇ.

ಮೂರು, ಕಿವಿ. ಮೆಡಿಕಲ್ ಶಾಪಲ್ಲಿ ಸಿಗೋ ಫೋಮ್ ಇಯರ್‌ಪ್ಲಗ್ ಜೇಬಲ್ಲಿರ್ಲಿ. 85 ಡೆಸಿಬಲ್ ಸೌಂಡಲ್ಲಿ ಎಂಟು ಗಂಟೆ ಇರ್ಬೋದು ಅಂತ ಲೆಕ್ಕ, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂಗೆ ಟೈಮ್ ಅರ್ಧ ಆಗ್ತಾ ಬರತ್ತೆ, 100ಕ್ಕೆ ಬಂದ್ರೆ ಬರೀ 15 ನಿಮಿಷ. ಸಣ್ಣ ರೂಮಲ್ಲಿ ಮೆಟಲ್ ಬ್ಯಾಂಡ್ ಅಂದ್ರೆ 100 ಆರಾಮಾಗಿ ದಾಟತ್ತೆ. ಮಾರನೇ ದಿನ ಕಿವಿಯೊಳಗೆ ಗುಂಯ್ ಅಂತಿದ್ರೆ ಅದು ‘ಮಸ್ತ್ ಶೋ’ ಅಂತ ಅಲ್ಲ.

ಮಾತಾಡೋಕೆ ಬಂದಿದ್ರೆ ಬಾರ್ ಕೌಂಟರ್ ಹತ್ರ ಹೋಗಿ ಮಾತಾಡಿ. ಫೋನಲ್ಲಿ ಒಂದು ಹಾಡು ರೆಕಾರ್ಡ್ ಮಾಡಿ ಸಾಕು, ಹಿಂದಿರೋರು ನಿಮ್ಮ ಸ್ಕ್ರೀನ್ ನೋಡೋಕೆ ದುಡ್ಡು ಕೊಟ್ಟಿಲ್ಲ.

7. ಮೈದಾನದ ದೊಡ್ಡ ಶೋ

ಹೋಗ್ಬೇಡಿ ಅಂತಿಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ಅರಮನೆ ಮೈದಾನದಲ್ಲಿದ್ದೋರು ಇವತ್ತಿಗೂ ಅದನ್ನೇ ಮಾತಾಡ್ತಾರೆ. ಅರಮನೆ ಮೈದಾನ ಅಂದ್ರೆ ಟಿಕೆಟಲ್ಲಿ ಗೇಟ್ ಯಾವ್ದು ಅಂತ ನೋಡಿ, ಬಳ್ಳಾರಿ ರೋಡ್ ಕಡೆ ಗೇಟೋ ಜಯಮಹಲ್ ಕಡೆದೋ ಅಂತ, ತಪ್ಪು ಕಡೆ ಇಳಿದ್ರೆ ಸುತ್ತು ಹಾಕೋಷ್ಟರಲ್ಲಿ ಎರಡು ಹಾಡು ಮುಗ್ದಿರತ್ತೆ. ಮಾದಾವರದ ನೈಸ್ ಗ್ರೌಂಡ್ಸ್ ಆದ್ರೆ ಗ್ರೀನ್ ಲೈನ್ 2024ರ ನವೆಂಬರಿಂದ ಮಾದಾವರ ತನಕ ಹೋಗತ್ತೆ, ಕಾರ್ ತಗೊಂಡು ಹೋಗೋ ಮಾತೇ ಬೇಡ. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಎರಡು ದಿನ ಹಾಡಿದ್ದು ಅಲ್ಲೇ. ಅದೇ ವಾರಾಂತ್ಯ ಚರ್ಚ್ ಸ್ಟ್ರೀಟ್ ಫುಟ್‌ಪಾತ್ ಮೇಲೆ ಮೈಕ್ ಹಿಡಿದು ನಿಂತಾಗ ಪೊಲೀಸ್ನೋರು ಬಂದು ಪ್ಲಗ್ ಎಳೆದ್ರು, ಅದಂತೂ ಪಕ್ಕಾ ಬೆಂಗಳೂರು.

ಹೊರಗಡೆ ಶೋಗಳಲ್ಲಿ ರಾತ್ರಿ 10ಕ್ಕೆ ಸ್ಪೀಕರ್ ಆಫ್ ಆಗ್ಲೇಬೇಕು, 2000ದ ಶಬ್ದಮಾಲಿನ್ಯ ನಿಯಮ ಅದು. ಅಂದ್ರೆ ಮೇನ್ ಆರ್ಟಿಸ್ಟ್ ಎಂಟು ಎಂಟೂವರೆಗೆಲ್ಲ ಸ್ಟೇಜ್ ಮೇಲಿರ್ತಾರೆ, ‘ಲೇಟಾಗೇ ಶುರು ಮಾಡ್ತಾರೆ ಬಿಡು’ ಅನ್ನೋ ನಂಬಿಕೆ ಇಲ್ಲಿ ನಡಿಯಲ್ಲ. ಗೇಟಲ್ಲಿ ಏನೇನು ಬಿಡಲ್ಲ ಅಂತ ಲಿಸ್ಟ್ ಕಳಿಸಿರ್ತಾರೆ, ಓದಿ. ಪವರ್‌ಬ್ಯಾಂಕ್, ನೀರಿನ ಬಾಟ್ಲಿ ಕೆಲವು ಕಡೆ ಬಿಡಲ್ಲ. ಸಾವಿರಾರು ಜನ ಸೇರಿದ ಕಡೆ ನೆಟ್‌ವರ್ಕ್ ಸತ್ತೋಗಿರತ್ತೆ, ಟಿಕೆಟ್ ಮನೇಲೇ ಡೌನ್‌ಲೋಡ್ ಮಾಡಿ, ಫ್ರೆಂಡ್ಸ್ ಜೊತೆ ‘ತಪ್ಪಿಸ್ಕೊಂಡ್ರೆ ಇಂಥ ಕಂಬದ ಹತ್ರ’ ಅಂತ ಒಂದು ಜಾಗ ಮಾತಾಡ್ಕೊಂಡಿರಿ.

8. ಶೋ ಮುಗಿದ್ಮೇಲೆ

ಬ್ಯಾಂಡ್ ಟೀ ಶರ್ಟೋ ಸಿಡಿಯೋ ಮಾರ್ತಿದ್ರೆ ತಗೊಳ್ಳಿ, ಸ್ಟ್ರೀಮಿಂಗಲ್ಲಿ ನೀವು ವರ್ಷವಿಡೀ ಕೇಳಿದ್ರೂ ಅವರಿಗೆ ಅಷ್ಟು ಸಿಗಲ್ಲ. ಸ್ಟೇಜಿಂದ ಇಳಿದು ಕೇಬಲ್ ಸುತ್ತುತಿರೋ ಬೇಸ್ ಪ್ಲೇಯರ್ ಹತ್ರ ಹೋಗಿ ಒಂದು ಮಾತು ಹೇಳಿ, ಯಾರೂ ಅವರನ್ನ ಮಾತಾಡ್ಸಿರಲ್ಲ. ಕಛೇರಿಯಲ್ಲೂ ಅಷ್ಟೇ, ವೇದಿಕೆ ಹತ್ರ ಹೋಗಿ ‘ನಮಸ್ಕಾರ, ತುಂಬಾ ಚೆನ್ನಾಗಿತ್ತು, ಮೂರನೇದಾಗಿ ಹಾಡಿದ್ದು ಯಾವ ರಾಗ’ ಅಂತ ಕೇಳಿದ್ರೆ ಎಷ್ಟು ದೊಡ್ಡ ವಿದ್ವಾಂಸರಾದ್ರೂ ಹೇಳ್ತಾರೆ. ಹೆಸರು ಬರ್ಕೊಳ್ಳಿ, ಮನೆಗೆ ಬಂದು ಅದೇ ರಾಗದ್ದು ಇನ್ನೊಂದು ಕೇಳಿ.

ಹಂಗೆ ಕೇಳ್ತಾ ಕೇಳ್ತಾ ನಿಮಗೇ ಹಾಡೋ ಚಟ ಹತ್ಕೊಂಡ್ರೆ ಯಾರು ಬೇಕಾದ್ರೂ ಹೆಸರು ಕೊಟ್ಟು ಹಾಡ್ಬೋದಾದ ಓಪನ್ ಮೈಕ್‌ಗಳಿವೆ, ಕೆಫೆಗಳಲ್ಲಿ ವಾರದ ಮಧ್ಯೆ ಇಟ್ಕೊಂಡಿರ್ತಾರೆ. ಆನ್‌ಲೈನಲ್ಲಿ ಫಾರ್ಮ್ ಇಲ್ಲ ಅಂದ್ರೆ ಶುರುವಾಗೋಕೆ ಅರ್ಧ ಗಂಟೆ ಮುಂಚೆ ಹೋಗಿ ಹೆಸರು ಬರೆಸಿ, ಲಿಸ್ಟಿನ ಕೊನೆಗೆ ಬಿದ್ರೆ ನಿಮ್ಮ ಸರದಿ ಬರೋಷ್ಟರಲ್ಲಿ ಟೇಬಲ್ ಒರೆಸ್ತಿರೋ ಹುಡುಗರು ಮಾತ್ರ ಉಳಿದಿರ್ತಾರೆ. ಕರೋಕೆ ಟ್ರ್ಯಾಕ್ ಫೋನಲ್ಲಿದ್ರೆ ಅದನ್ನೂ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಕೆಫೆ ವೈಫೈ ನಂಬ್ಕೊಂಡು ಸ್ಟೇಜ್ ಹತ್ಬೇಡಿ.